ಗೋಧಿಯ ಹಿಂದೆ ಬೀಸಿದ ಜೋಳ

ನಮ್ಮ ಡಾಕ್ಟರು ದನಿ ಏರಿಸುವವರಲ್ಲ. ಮೆತ್ತಗೆ, ನಗುತ್ತಲೇ, "ಹುಡುಗಿ ಕದ್ದು ತಿಂತಾಳೆ ಬಿಡಿ" ಎಂದರು. ಆ ನಗು ನೆನಪಾದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ. ಅವರು ಹೇಳಿದ ಹುಡುಗಿ ನನ್ನ ಅಕ್ಕನ ಮಗಳು, ಕಲ್ಲೋಳಿಯ ಸಾಲೆಯಲ್ಲಿ ಆರನೆಯ ಇಯತ್ತೆ ಕಲಿಯುತ್ತಿದ್ದವಳು.

ನಾನು ಗೋಕಾಕದವಳು. ಕರುಳಿನ ರೋಗಗಳ ಮೇಲೆ ಆ ಡಾಕ್ಟರು ನಡೆಸುತ್ತಿದ್ದ ಒಂದು ಸಂಶೋಧನೆಯಲ್ಲಿ ಆಗ ಕೆಲಸಕ್ಕಿದ್ದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಮಕ್ಕಳ ರಕ್ತ ತೆಗೆಯುವುದು, ಐಸ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ತರುವುದು, ಲ್ಯಾಬಿನಲ್ಲಿ ಪರೀಕ್ಷೆ ಮಾಡುವುದು ನನ್ನ ಪಾಲಿನ ಕೆಲಸ. ನಾವು ಹುಡುಕುತ್ತಿದ್ದದ್ದು ಗೋಧಿ ಆಗದ ಮಕ್ಕಳನ್ನು. ಗೋಧಿ ಹಿಟ್ಟು ನಾದಿದಾಗ ಜಿಗುಟು ಬರುತ್ತದಲ್ಲ, ಅದು ಅದರೊಳಗಿನ ಪ್ರೋಟೀನಿನ ಕೆಲಸ. ಕೆಲವರ ಮೈ ಆ ಪ್ರೋಟೀನನ್ನು ವೈರಿ ಎಂದು ತಿಳಿದು ಅದರ ಮೇಲೆ ಏರಿ ಹೋಗುತ್ತದೆ. ಏಟು ಮಾತ್ರ ತನ್ನದೇ ಕರುಳಿಗೆ ಬೀಳುತ್ತದೆ. ಕರುಳಿನ ಒಳಗೋಡೆ ಸವೆದು, ಉಂಡದ್ದು ಮೈಗೆ ಹತ್ತುವುದಿಲ್ಲ. ಇದಕ್ಕೆ ಗುಳಿಗೆ ಇಲ್ಲ, ಗೋಧಿಯನ್ನು ಪೂರ್ತಿ ಬಿಡಬೇಕು. ಬಿಟ್ಟರೆ ಒಳಗಿನ ಜಗಳ ನಿಲ್ಲುತ್ತದೆ, ನಿಂತದ್ದು ರಕ್ತಪರೀಕ್ಷೆಯ ಅಂಕಿ ಇಳಿದಾಗ ಗೊತ್ತಾಗುತ್ತದೆ.

ಅಕ್ಕನ ಮಗಳಿಗೆ ಹೊಟ್ಟೆ ಊದಿ ಕೈಕಾಲು ಕಡ್ಡಿಯಾಗಿದ್ದವು. ಜಂತು ಎಂದು ಗುಳಿಗೆ ಕೊಟ್ಟವರು ಕೊಟ್ಟರು, ದೃಷ್ಟಿ ಎಂದು ನಿವಾಳಿಸಿದವರು ನಿವಾಳಿಸಿದರು. ಕೊನೆಗೆ ನಾನೇ ರಕ್ತ ತೆಗೆದೆ. ಇದೇ ರೋಗ. ಡಾಕ್ಟರು ಕರುಳಿನ ಚೂರು ತೆಗೆಸಿ ನೋಡಿ ಖಾತ್ರಿ ಮಾಡಿದರು. ಒಂದು ಲೆಕ್ಕಕ್ಕೆ ನನಗೆ ಸಮಾಧಾನವೇ ಆಯಿತು. ನಾವು ರೊಟ್ಟಿ ತಿನ್ನುವ ಜನ, ಜೋಳದಲ್ಲಿ ಆ ಪ್ರೋಟೀನಿಲ್ಲ. ಅಕ್ಕ ಗೋಧಿಯ ಡಬ್ಬಿಯನ್ನೇ ಮನೆಯಿಂದ ಹೊರಗೆ ಹಾಕಿದಳು. ಬಸವ ಜಯಂತಿಗೆ ಗೋಧಿಯ ಮಾದಲಿ ಮಾಡದೆ ಅತ್ತೆಯಿಂದ ಬೈಸಿಕೊಂಡಳು. ಅಂಗಡಿಯ ಬಿಸ್ಕಿಟು ಬಾಗಿಲು ದಾಟಲಿಲ್ಲ.

ಆದರೂ ಅಂಕಿ ಇಳಿಯಲಿಲ್ಲ. ಮತ್ತೊಮ್ಮೆ ತೆಗೆದರೂ ಅಷ್ಟೇ. ಡಾಕ್ಟರು ಆ ಮಾತು ಅಂದದ್ದು ಆಗ, ಅದೂ ಅಕ್ಕನ ಎದುರಿಗೇ. ನಾನು, "ಇಲ್ಲ ಸರ್, ಅವಳು ಅಂಥವಳಲ್ಲ" ಎಂದೆ. "ಸಂಬಂಧಿಕರು ಹಾಗೇ ಹೇಳ್ತಾರಮ್ಮ" ಎಂದು ಮತ್ತೆ ನಕ್ಕರು. ಸಂಶೋಧನೆಯ ದಾಖಲೆಯಲ್ಲಿ ಹುಡುಗಿಯ ಹೆಸರಿನ ಮುಂದೆ ಪಥ್ಯ ಮುರಿದವಳು ಎಂದು ಬಿತ್ತು.

ಡಾಕ್ಟರು ಆಡಿದ್ದು ಒಂದೇ ಮಾತು, ಆದರೆ ಅದು ಮನೆಯೊಳಗೆ ಹೊಕ್ಕು ಕುಳಿತುಬಿಟ್ಟಿತು. ಅಜ್ಜಿ, ಅಂದರೆ ಅಕ್ಕನ ಅತ್ತೆ, ಹುಡುಗಿಯ ಪಾಟಿಚೀಲ ತಪಾಸು ಮಾಡತೊಡಗಿದಳು. ಸಾಲೆಯಿಂದ ಬಂದ ಕೂಡಲೇ ಬಾಯಿ ಮೂಸಿ ನೋಡುವುದು ಶುರುವಾಯಿತು. ಹನ್ನೊಂದು ವರ್ಷದ ಹುಡುಗಿಯ ಬಾಯಿ ಮೂಸುತ್ತಾರೆ! ನೆರೆಮನೆಯವರು ಅವಳನ್ನು ಕಂಡರೆ ಚಪಾತಿಯ ಬುಟ್ಟಿ ಮುಚ್ಚುತ್ತಿದ್ದರಂತೆ. "ನಾ ತಿಂದಿಲ್ಲ" ಎಂದು ಹೇಳಿ ಹೇಳಿ ಸಾಕಾಗಿ ಅವಳು ಹೇಳುವುದನ್ನೇ ಬಿಟ್ಟಳು. ಆಮೇಲೆ ರೊಟ್ಟಿಯನ್ನೂ ಬಿಡತೊಡಗಿದಳು. ಒಂದು ಭಾನುವಾರ ನಾನು ಹೋದಾಗ ತಾಟಿನ ಮುಂದೆ ಸುಮ್ಮನೆ ಕುಳಿತಿದ್ದಳು, ಅಕ್ಕ ಅಳುತ್ತಿದ್ದಳು.

"ಉಣ್ಣ ನನ್ನವ್ವ," ಎಂದೆ.

"ಉಂಡ್ರ ಏರತೈತಿ, ಏರಿದ್ರ ಕಳ್ಳಿ ಅಂತಾರ. ಉಪಾಸ ಇದ್ರ ಇಳೀತೈತೇನ, ಚಿಗವ್ವ?"

ನನಗೆ ಯಾರದಾದರೂ ಕೊರಳಪಟ್ಟಿ ಹಿಡಿಯಬೇಕು ಅನ್ನಿಸಿತು, ಯಾರದೆಂದು ಗೊತ್ತಾಗಲಿಲ್ಲ.

ಅದೇ ದಿನ ಅಕ್ಕ ಜೋಳ ಬೀಸಿಸಲು ಗಿರಣಿಗೆ ಹೊರಟಳು. ಮನೆಯಲ್ಲಿ ಕುಳಿತರೆ ಅಜ್ಜಿಯ ಜೊತೆ ಜಗಳವಾಗುತ್ತದೆಂದು ನಾನೂ ಹೋದೆ. ಗಿರಣಿಯವರನ್ನು ಓಣಿಯೆಲ್ಲ ಕಾಕಾ ಎನ್ನುತ್ತದೆ, ಅಕ್ಕರೆಯ ಸಾಬರು. ಡಬ್ಬಿಗಳು ಸಾಲಾಗಿದ್ದವು. ಅಕ್ಕನ ಪಾಳಿ ಬಂತು. ಅವಳು ಡಬ್ಬಿ ಹಿಂದೆ ಎಳೆದುಕೊಂಡಳು.

"ಈಗ ಬ್ಯಾಡ್ರಿ ಕಾಕಾ, ಗೊಂಜಾಳ ಆಗೇತಿ. ಗೋದಿ ಆದ ಮ್ಯಾಲ ಹಾಕ್ರಿ."

"ಗೊತ್ತೈತಿ ಬಿಡವಾ," ಎಂದರು ಕಾಕಾ. "ಕೂಸಿಗೆ ಆರಾಮಿಲ್ಲ ಅಂತ ನಿಮ್ಮ ಜ್ವಾಳ ಯಾವಾಗ್ಲೂ ಗೋದಿ ಹಿಂದನಾ ಹಾಕತೇನಲ್ಲ."

ಕಲ್ಲಿನಲ್ಲಿ ಮೊದಲಿನವರ ಹಿಟ್ಟು ಉಳಿದಿರುತ್ತದೆ. ಗೊಂಜಾಳದ, ಅಂದರೆ ಮೆಕ್ಕೆಜೋಳದ, ಹಿಂದೆ ಹಾಕಿದರೆ ಜೋಳದ ಹಿಟ್ಟು ಹಳದಿ, ಸಜ್ಜೆಯ ಹಿಂದೆ ಹಾಕಿದರೆ ಕಪ್ಪು. ಗೋಧಿಯ ಹಿಂದೆ ಹಾಕಿದರೆ ಬೆಳ್ಳಗೆ, ಮೆತ್ತಗೆ. ನಮ್ಮ ಕಡೆಯ ಹೆಂಗಸರು ಇದಕ್ಕಾಗಿ ಪಾಳಿ ಬಿಟ್ಟುಕೊಟ್ಟು ಕಾಯುತ್ತಾರೆ. ನನ್ನ ಅಕ್ಕನೂ ಮಗಳಿಗೆ ಒಳ್ಳೆಯ ಹಿಟ್ಟು ಸಿಗಲೆಂದು ಪ್ರತಿಸಲ ಕಾಯುತ್ತಿದ್ದಳು.

ಗೋಧಿ ಮುಗಿಯಿತು. ಕಾಕಾ ಅಕ್ಕನ ಜೋಳವನ್ನು ಮೇಲೆ ಸುರಿದರು. ಕೆಳಗೆ ಅವಳ ಡಬ್ಬಿಗೆ ಮೊದಲು ಬಿದ್ದದ್ದು ಹಿಂದಿನವರ ಗೋಧಿ ಹಿಟ್ಟು.

"ಬಂದ್ ಮಾಡ್ರಿ!" ಎಂದು ನಾನು ಕಿರುಚಿದೆ. ಎಲ್ಲರೂ ತಿರುಗಿ ನೋಡಿದರು. ಈ ರೋಗಕ್ಕೆ ಚಿಟಿಕೆ ಗೋಧಿಯೂ ಸಾಕೆಂದು ನಾನು ಹೇಳಿದ್ದು ಅರ್ಥವಾದ ಮೇಲೆ ಅಕ್ಕ ಅಲ್ಲೇ ಹಿಟ್ಟಿನ ನೆಲದ ಮೇಲೆ ಕುಳಿತುಬಿಟ್ಟಳು. "ನನ್ನ ಕೈಲಿಂದನಾ ಉಣಿಸೇನೇನ?" ಎಂದಳು. ಕಾಕಾ ತಲೆಯ ಮೇಲೆ ಕೈ ಹೊತ್ತು ನಿಂತರು.

ಅವರಿಬ್ಬರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಸಿಟ್ಟು ಬಂದದ್ದು ನಾವು ಮನೆಮನೆಗೆ ಹಂಚುತ್ತಿದ್ದ ಪಥ್ಯದ ಹಾಳೆಯ ಮೇಲೆ. ಪಾಸ್ತಾ ತಿನ್ನಬೇಡಿ, ಕೇಕು ತಿನ್ನಬೇಡಿ ಎಂದು ಬಣ್ಣಬಣ್ಣದ ಚಿತ್ರ. ಕಲ್ಲೋಳಿಯಲ್ಲಿ ಪಾಸ್ತಾ ಯಾರ ಮನೆಯಲ್ಲಿ ಬೇಯುತ್ತದೆ? ಅದನ್ನು ಬರೆದ ಪುಣ್ಯಾತ್ಮರಲ್ಲಿ ಒಬ್ಬರಾದರೂ ಗಿರಣಿಯ ಮೆಟ್ಟಿಲು ಹತ್ತಿದ್ದರೇ? ತಮಗೆ ಗೊತ್ತಿಲ್ಲದ್ದನ್ನು ಒಪ್ಪಿಕೊಳ್ಳುವುದಕ್ಕಿಂತ ಹುಡುಗಿಯನ್ನು ಕಳ್ಳಿ ಎನ್ನುವುದು ಅವರಿಗೆ ಹಗುರಾಯಿತು.

ಆ ಹಿಟ್ಟನ್ನು ಲ್ಯಾಬಿಗೆ ಒಯ್ದು ಪರೀಕ್ಷಿಸಿದೆ. ಗೋಧಿಯ ಪ್ರೋಟೀನು ಧಾರಾಳವಾಗಿತ್ತು. ಡಾಕ್ಟರು ನೋಡಿ, "ಹಿಟ್ಟಿನಲ್ಲಿ ಗೋಧಿ ಇದೆ ಅಂತಾಯ್ತು. ಅವಳು ಕದ್ದು ತಿಂದಿಲ್ಲ ಅಂತ ಹೇಗೆ ಹೇಳ್ತೀರಿ?" ಎಂದರು. ಗೋಕಾಕದಿಂದ ಮನೆಯಲ್ಲೇ ಇಡುವ ಸಣ್ಣ ಗಿರಣಿಯೊಂದನ್ನು ಒಯ್ದು ಅಕ್ಕನಿಗೆ ಕೊಟ್ಟೆ. ಅದರಲ್ಲಿ ಜೋಳ ಬಿಟ್ಟು ಬೇರೆ ಕಾಳು ಬೀಳಲಿಲ್ಲ.

ಕೆಲವು ತಿಂಗಳಿಗೆ ಅಂಕಿ ಇಳಿಯಿತು. ಹೊಟ್ಟೆ ಕರಗಿತು, ಕೆನ್ನೆ ತುಂಬಿತು. ಅಜ್ಜಿ ಬಾಯಿ ಮೂಸುವುದನ್ನು ಬಿಟ್ಟಳು, ತಪ್ಪಾಯಿತು ಎನ್ನಲಿಲ್ಲ. ಡಾಕ್ಟರಿಗಂತೂ ಎಲ್ಲಿಲ್ಲದ ಹುರುಪು. ತಾಯಿ ಮಗಳನ್ನು ಗೋಕಾಕಕ್ಕೆ ಕರೆಸಿದರು. ಕದ್ದು ತಿಂದ ಮಾತು ಅವರ ಬಾಯಲ್ಲಿ ಬರಲೇ ಇಲ್ಲ.

"ಒಳ್ಳೇ ಕೇಸು ಇದು," ಎಂದರು. "ಆದರೆ ಸಂಶೋಧನೆಗೆ ಇಷ್ಟು ಸಾಲದು. ಮೂರು ತಿಂಗಳು ಮತ್ತೆ ಆ ಹಳೇ ಗಿರಣಿ ಹಿಟ್ಟೇ ತಿನ್ನಲಿ. ಅಂಕಿ ಏರಿದರೆ ಹಿಟ್ಟಿನಿಂದಲೇ ಅಂತ ಸಾಬೀತಾಗುತ್ತೆ. ಆಮೇಲೆ ನಿಲ್ಲಿಸೋಣ."

ಆಗಷ್ಟೇ ಮೈ ಹಿಡಿದ ಮಗುವಿಗೆ ಮತ್ತೆ ಅದೇ ವಿಷ ಉಣಿಸಿ ಅಂತ! ನನ್ನ ಬಾಯಿಗೆ ಬಂದ ಮಾತುಗಳು ಬರೆಯುವಂಥವಲ್ಲ. ನಾನು ಏಳುವಷ್ಟರಲ್ಲಿ ಹುಡುಗಿಯೇ ತಲೆ ಎತ್ತಿ ಕೇಳಿದಳು.

"ಆವಾಗ ಅಂಕಿ ಏರಿದ್ರ, ಮತ್ತ ನಾನಾ ಕದ್ದ ತಿಂದೇನಿ ಅಂತೀರೇನ್ರಿ?"

ಡಾಕ್ಟರು ನಗಲು ನೋಡಿದರು, ನಗು ಬರಲಿಲ್ಲ. ಅಕ್ಕ ಮಗಳ ಕೈ ಹಿಡಿದು ಎದ್ದು ನಿಂತಿದ್ದಳು.