ದೊಡ್ಡಮ್ಮನ ಮೇಲೆ ಬರೆದ ಜೋಕು

ನಾನು ಚಿಕ್ಕಂದಿನಲ್ಲಿ ಓದುತ್ತಿದ್ದ ಹಾಸ್ಯ ಪತ್ರಿಕೆ ನಿಂತುಹೋಯಿತಂತೆ. ಸುದ್ದಿ ಫೋನಿನಲ್ಲಿ ಬಂತು. ವಾಟ್ಸಾಪ್ ಗುಂಪಿನವರೆಲ್ಲ ಕಣ್ಣೀರಿಡುವ ಚಿತ್ರ ಕಳಿಸಿದರು. ಅವರಲ್ಲಿ ಒಬ್ಬರೂ ಹತ್ತು ವರ್ಷದಿಂದ ಅದನ್ನು ಕೊಂಡವರಲ್ಲ. ನಾನೂ ಕೊಂಡವಳಲ್ಲ, ಆದ್ದರಿಂದ ಸುಮ್ಮನಿದ್ದೆ.

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಅಪ್ಪ ಅದನ್ನು ತಿಂಗಳಿಗೊಮ್ಮೆ ನಮ್ಮೂರು ದಿಬ್ಬೂರಹಳ್ಳಿಗೆ ತರುತ್ತಿದ್ದರು. ಕಾಗದ ಒರಟು. ಚಿತ್ರಗಳಲ್ಲಿ ಗಂಡಂದಿರೆಲ್ಲ ಬೋಳುತಲೆ, ಹೆಂಡತಿಯರ ಕೈಯಲ್ಲಿ ಲಟ್ಟಣಿಗೆ. ಅರ್ಧಕ್ಕರ್ಧ ಜೋಕುಗಳು ಹಳಸಿದ್ದವು. ಆದರೂ ಅದು ಬರುವ ದಿನ ಸ್ಕೂಲಿನಿಂದ ಓಡಿ ಬರುತ್ತಿದ್ದೆ. ಓದುಗರು ಕಳಿಸಿದ ಜೋಕುಗಳಿಗೂ ಅದರಲ್ಲಿ ಒಂದು ಪುಟವಿತ್ತು. ಏಳನೇ ಕ್ಲಾಸಿನಲ್ಲಿದ್ದಾಗ ನಾನೂ ಒಂದು ಕಳಿಸಿದೆ, ಪಕ್ಕದ ಮನೆಯಲ್ಲಿದ್ದ ದೊಡ್ಡಮ್ಮನ ಮೇಲೆ.

ದೊಡ್ಡಮ್ಮ ರೇಷ್ಮೆ ಹುಳು ಸಾಕುತ್ತಿದ್ದಳು. ಹುಳು ಮನೆಯಲ್ಲಿದ್ದಷ್ಟು ದಿನ ಒಗ್ಗರಣೆ ಹಾಕುವಂತಿಲ್ಲ, ನೆಂಟರು ಹೊಸಿಲು ದಾಟುವಂತಿಲ್ಲ, ನಾವು ಗಟ್ಟಿಯಾಗಿ ನಗುವಂತಿಲ್ಲ. "ಮೆಲ್ಲಗೆ ಕಣೇ, ಹುಳ ಮಲಗವೆ!" ನಾನು ಬರೆದದ್ದು ಇಷ್ಟೇ: ದೊಡ್ಡಪ್ಪ ಕೆಮ್ಮಿದರೆ ದೊಡ್ಡಮ್ಮ ಓಡಿಹೋಗಿ ಹುಳುಗಳ ಮೈ ಮುಟ್ಟಿ ನೋಡುತ್ತಾಳೆ.

ಅದು ಅಚ್ಚಾಯಿತು, ಕೆಳಗೆ ನನ್ನ ಹೆಸರು, ಊರು. ಹೆದರಿ ಪತ್ರಿಕೆಯನ್ನು ಬಚ್ಚಿಟ್ಟೆ. ದೊಡ್ಡಮ್ಮನಿಗೆ ಓದು ಬಾರದು, ತಿಳಿಯಲಾರದು ಎಂದುಕೊಂಡಿದ್ದೆ. ಹಿಟ್ಟಿನ ಮಿಷನ್ನಿನಲ್ಲಿ ಯಾರೋ ಅವಳಿಗೆ ಓದಿ ಹೇಳಿ, ಸರದಿಯಲ್ಲಿದ್ದವರೆಲ್ಲ ನಕ್ಕರಂತೆ. ಅವಳು ಬೈಯಲಿಲ್ಲ. ಬೈದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ದಿನವೂ ನನಗೆ ಜಡೆ ಹಾಕುತ್ತಿದ್ದವಳು, "ನಿಮ್ಮಮ್ಮನ ಹತ್ರ ಹಾಕಿಸ್ಕೋ" ಎಂದುಬಿಟ್ಟಳು. ತಪ್ಪಾಯಿತು ಎನ್ನಲು ಎಷ್ಟೋ ಸಲ ಹೊರಟೆ, ಬಾಯೇ ಬರಲಿಲ್ಲ. ಮದುವೆಯಾಗಿ ಚಿಂತಾಮಣಿಗೆ ಬಂದ ಮೇಲೂ ನಮ್ಮಿಬ್ಬರ ಮಾತು ಊಟ ಆಯ್ತಾ, ಆಯ್ತು ಎನ್ನುವಲ್ಲೇ ನಿಂತಿತ್ತು. ಅದು ನನ್ನನ್ನು ತುಂಬಾ ನೋಯಿಸಿದೆ.

ಪತ್ರಿಕೆ ನಿಂತ ವಾರ ಊರಿಗೆ ಹೋದೆ. ಇನ್ನೂ ತಡ ಮಾಡಿದರೆ ಹೇಳುವುದು ಉಳಿದೇ ಹೋಗುತ್ತದೆ ಎನ್ನಿಸಿತ್ತು. ದೊಡ್ಡಮ್ಮ ಜಗಲಿಯಲ್ಲಿ ಅವರೇಕಾಯಿ ಸುಲಿಯುತ್ತಿದ್ದಳು.

"ಏಮ್ಮಾ, ದಾರಿ ತಪ್ಪಿ ಬಂದ್ಯಾ?"

ನಾನು ಸುತ್ತಿ ಬಳಸಲಿಲ್ಲ. "ದೊಡ್ಡಮ್ಮ, ಆವತ್ತು ನಿನ್ನ ಮೇಲೆ ಜೋಕು ಬರ್ದಿದ್ದು ತಪ್ಪಾಯ್ತು."

"ಅಯ್ಯೋ, ಬಿಡು. ಮಿಷನ್ನಲ್ಲಿ ಕೇಳಿ ನಾನೂ ನಕ್ಕೆ. ಮುಟ್ಟಿ ನೋಡ್ತಿದ್ದಿದ್ದು ನಿಜಾನೇ ಅಲ್ವಾ?"

"ಮತ್ತೆ ನನ್ನ ಮೇಲೆ ಅಷ್ಟು ಕೋಪ ಯಾಕೆ?"

ಅವಳು ಮೊರ ಪಕ್ಕಕ್ಕಿಟ್ಟಳು. "ಊರಿಗೆಲ್ಲ ಗೊತ್ತಾಯ್ತು. ನೀನು ಇವತ್ತು ಬಂದು ಓದ್ತೀಯ, ನಾಳೆ ಬಂದು ಓದ್ತೀಯ ಅಂತ ಕಾಯ್ತಾನೇ ಇದ್ದೆ ಕಣಮ್ಮ. ನೀನು ಬರ್ಲೇ ಇಲ್ಲ."

ಈಗಲಾದರೂ ಓದೋಣವೆಂದರೆ ಆ ಸಂಚಿಕೆ ನನ್ನ ಹತ್ತಿರ ಇಲ್ಲ. ಹಳೆಯದೊಂದು ಹುಡುಕಿ ಕಳಿಸಿ ಎಂದು ಕೇಳಲು ಪತ್ರಿಕೆಯವರೂ ಇಲ್ಲ.