ಗಂಡಸರ ಚಾಪೆ

ಹಿರಿಯೂರಿನಲ್ಲಿ ಕ್ರೈಸ್ತರಿದ್ದಾರೆ, ಅವರು ಕನ್ನಡದಲ್ಲೇ ಹಾಡುತ್ತಾರೆ. ಇಷ್ಟೂ ತಿಳಿಯದೆ ನಾವು ಅವರ ಚರ್ಚಿನ ಗೋಡೆಗೆ ಸೈಕಲ್ ಒರಗಿಸಿ ಹೋಗುತ್ತೇವೆ.

೧೯೯೮ರಲ್ಲಿ ಅಲ್ಲಿನ ಹಾಡು ವಿಚಿತ್ರವಾಗಿ ಕೇಳಿಸುತ್ತಿತ್ತು: ಒಂದು ಸಾಲು, ಆಮೇಲೆ ಮೌನ, ಮತ್ತೊಂದು ಸಾಲು. ಯಾಕಿರಬಹುದು? ಗಂಡಸರು ಬಲಗಡೆಯ ಚಾಪೆಯ ಮೇಲೆ, ಹೆಂಗಸರು ಎಡಗಡೆಯದರ ಮೇಲೆ ಕೂತು ಸರದಿಯಂತೆ ಒಂದೊಂದು ಸಾಲು ಹಾಡುವುದು ಅಲ್ಲಿನ ವಾಡಿಕೆ. ಗಂಡಸರಲ್ಲಿ ಕೆಲವರು ತೀರಿಕೊಂಡಿದ್ದರು, ಉಳಿದವರು ಕೆಲಸಕ್ಕೆಂದು ಊರು ಬಿಟ್ಟಿದ್ದರು. ಆದರೂ ಹೆಂಗಸರು ಗಂಡಸರ ಸಾಲು ಬಂದಾಗ ಬಾಯಿ ಮುಚ್ಚಿ ಕಾಯುತ್ತಿದ್ದರು!

ಒಂದು ಭಾನುವಾರ ಚಿತ್ರದುರ್ಗದಿಂದ ಬಂದ ಪಾದ್ರಿ ಅಂದರು, "ಅರ್ಧ ಹಾಡಿಗೆ ಒಂದು ಚರ್ಚ್ ಯಾಕ್ರಮ್ಮಾ? ಬೀಗ ತಂದಿದೀನಿ. ಇನ್ಮೇಲೆ ದುರ್ಗಕ್ಕೇ ಬರ್ರಿ."

ಆಸ್ಪತ್ರೆಯಲ್ಲಿ ಆಯಾ ಆಗಿದ್ದ ಸುಜ್ಞಾನಮ್ಮ ಎದ್ದು ಹೋಗಿ ಗಂಡಸರ ಚಾಪೆಯ ಮೇಲೆ ಕೂತರು.

"ಏನಕ್ಕಾ, ಮೀಸೆ ಬಂತಾ?" ಎಂದು ಪಕ್ಕದ ಮನೆಯ ರೂತಮ್ಮ ಕಿಸಕ್ಕೆಂದಳು.

"ಬಂದೈತೆ ಕಣೇ. ನೀನೂ ಬಾ, ನಿಂಗೂ ಬರ್ತೈತೆ."

ಎಡಗಡೆಯವರು ತಮ್ಮ ಸಾಲು ಮುಗಿಸಿದೊಡನೆ ಸುಜ್ಞಾನಮ್ಮ ಗಂಡಸರ ಸಾಲು ಎತ್ತಿಕೊಂಡರು. ರೂತಮ್ಮ ನಗುತ್ತಲೇ ಹೋಗಿ ಪಕ್ಕದಲ್ಲಿ ಕೂತು ದನಿಗೂಡಿಸಿದಳು. ಅವತ್ತು ಹಾಡು ಇಡಿಯಾಗಿ ಬೀದಿಗೆ ಕೇಳಿಸಿತು. ಪಾದ್ರಿ ಬೀಗವನ್ನು ಚೀಲಕ್ಕೆ ಹಾಕಿಕೊಂಡು ವಾಪಸ್ ಬಸ್ಸು ಹತ್ತಿದರು.

ಆ ಬೀದಿಯಲ್ಲಿ ಓಡಾಡುವವರೇ, ಈ ಭಾನುವಾರ ಸೈಕಲ್ ಒರಗಿಸಿ ಹೊರಟುಬಿಡಬೇಡಿ. ಬಾಗಿಲಲ್ಲಿ ನಿಂತು ಹಾಡು ಮುಗಿಯುವವರೆಗೆ ಕೇಳಿ, ಆಮೇಲೆ ಹಾಡಿದವರ ಹೆಸರು ಕೇಳಿ.