ಮಾವ ವಾರ್ನಿಶ್ ಬಳಿದ ಬೋರ್ಡು

ಜವರಣ್ಣ ಮಾವ ಮಾಡಿಕೊಟ್ಟ ಬೋರ್ಡು ಕೆಟ್ಟಿರಲಿಲ್ಲ. ಕೆಡಿಸಿದವಳು ನಾನು — ಬೋರ್ಡನ್ನಲ್ಲ, ಅದಕ್ಕೆ ಜೋಡಿಸಿದ್ದ ಚಿಪ್ಪನ್ನು. ಆದರೆ ತಪ್ಪನ್ನು ಬೋರ್ಡಿನ ಮೇಲೆ, ಅಂದರೆ ಮಾವನ ಕೈಗಳ ಮೇಲೆ ಹೊರಿಸಿದೆ. ಆರು ವರ್ಷವಾಯಿತು. ಈವರೆಗೆ ಯಾರಿಗೂ ಹೇಳಿಲ್ಲ.

ಮಾವ ನನ್ನ ಅಮ್ಮನ ತಮ್ಮ. ಹ್ಯಾಂಡ್‌ಪೋಸ್ಟ್ ಎಂಬ ಊರಿನಲ್ಲಿ ಅವರದು ಮೋಟಾರು ರಿಪೇರಿಯ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸ ತಂತಿ ಸುತ್ತುತ್ತಾರೆ, ಸ್ಟಾರ್ಟರ್ ಸರಿಮಾಡುತ್ತಾರೆ. ಓದಿದ್ದು ಎಸ್ಸೆಸ್ಸೆಲ್ಸಿ. ನಾನು ಆಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೆ. ಹುಣಸೂರು ಕಡೆಯ ನಮ್ಮೂರಿನಲ್ಲಿ ಹೊಗೆಸೊಪ್ಪು ಹದಮಾಡುವ ಬ್ಯಾರನ್ ಇದೆ. ಅದರೊಳಗೆ ಶಾಖ ಮಿತಿಮೀರಿದರೆ ಕೂಗಿ ಎಚ್ಚರಿಸುವ ಪುಟ್ಟ ಯಂತ್ರ ನನ್ನ ಪ್ರಾಜೆಕ್ಟು. ಯಂತ್ರದ ಮಿದುಳು ಹೆಬ್ಬೆರಳಿಗಿಂತ ಚಿಕ್ಕದಾದ ಒಂದು ಚಿಪ್ಪು. ಲ್ಯಾಪ್‌ಟಾಪಿನಲ್ಲಿ ಬರೆದ ಪ್ರೋಗ್ರಾಮನ್ನು ಚಿಪ್ಪಿಗೆ ತುಂಬಲು ನಡುವೆ ಒಂದು ಬೋರ್ಡು ಬೇಕು — ಒಂದು ತುದಿ ಯುಎಸ್‌ಬಿಗೆ, ಇನ್ನೊಂದು ಚಿಪ್ಪಿಗೆ. ಅದನ್ನೂ ಪ್ರೋಗ್ರಾಮರ್ ಎಂದೇ ಕರೆಯುತ್ತಾರೆ. ಕೊಂಡುಕೊಳ್ಳಬೇಕು ಅಂದುಕೊಂಡಿದ್ದೆ. ಮಾವನ ಕಿವಿಗೆ ಬಿತ್ತು.

"ಕೊಂಡ್ಕೊಳಾದು ಯಾಕವ್ವ? ನಕ್ಸೆ ಕೊಡು, ನಾ ಮಾಡ್ಕೊಡ್ತೀನಿ."

ನಕ್ಷೆಯನ್ನು ಪ್ರಿಂಟ್ ತೆಗೆದುಕೊಟ್ಟೆ. ಆ ಬೋರ್ಡಿನ ಮೇಲೂ ಬೇರೊಂದು ಚಿಪ್ಪು ಇರುತ್ತದೆ; ಅದಕ್ಕೆ ಬೇಕಾದ ಪ್ರೋಗ್ರಾಮನ್ನು ಕಾಲೇಜಿನ ಲ್ಯಾಬಿನಲ್ಲಿ ತುಂಬಿಸಿ ತಂದುಕೊಟ್ಟೆ. ನಾನು ಮಾಡಿದ್ದು ಇಷ್ಟೇ. ಉಳಿದದ್ದೆಲ್ಲ ಅವರದು — ಅದನ್ನು ಹೆಮ್ಮೆಯಿಂದಲೇ ಬರೆಯುತ್ತೇನೆ. ಅತ್ತೆಯ ಇಸ್ತ್ರಿಪೆಟ್ಟಿಗೆಯಿಂದ ಒತ್ತಿ ಗೆರೆಗಳನ್ನು ತಾಮ್ರದ ಹಲಗೆಗೆ ಇಳಿಸಿದರು. ಹಳೆಯ ಟೇಪ್‌ರೆಕಾರ್ಡರಿನ ಮೋಟಾರಿಗೆ ಸೂಜಿಯಂಥ ಡ್ರಿಲ್ ಸಿಕ್ಕಿಸಿ ತೂತು ಕೊರೆದರು. ಕೆಟ್ಟ ಮೌಸಿನ ವೈರು ಕತ್ತರಿಸಿ ಯುಎಸ್‌ಬಿ ಬಾಲ ಮಾಡಿದರು. ಆ ಬಾಲವನ್ನು, ಮೋಟಾರಿನ ಕಾಯಿಲ್ ಕಟ್ಟುವ ಬಿಳಿ ದಾರದಿಂದ, ಕಾಯಿಲ್‌ಗೆ ಹಾಕುವ ಅದೇ ಗಂಟು ಹಾಕಿ ಬಿಗಿದರು. ಕೊನೆಗೆ — ಸುತ್ತಿದ ಮೋಟಾರಿಗೆ ವಾರ್ನಿಶ್ ಕುಡಿಸದೆ ಹೊರಗೆ ಕೊಡುವುದು ಅವರಿಗೆ ಗೊತ್ತೇ ಇಲ್ಲ — ಬೋರ್ಡಿಗೂ ತೆಳ್ಳಗೆ ವಾರ್ನಿಶ್ ಬಳಿದು ಒಣಗಿಸಿ, ನೀಲಿ ಸೋಪಿನ ಡಬ್ಬಿಯೊಳಗೆ ಕೂರಿಸಿದರು.

ಪರೀಕ್ಷೆ ನಡೆದದ್ದು ಅವರ ಅಂಗಡಿಯ ಮೇಜಿನ ಮೇಲೆ. ಮೋಟಾರು ಒಯ್ಯಲು ಬಂದಿದ್ದ ಇಬ್ಬರು ರೈತರು ನೋಡುತ್ತ ನಿಂತಿದ್ದರು. ಮೊದಲ ಸಲಕ್ಕೇ ಪ್ರೋಗ್ರಾಮು ಚಿಪ್ಪಿಗೆ ಇಳಿಯಿತು, ಸಣ್ಣ ಕೆಂಪು ದೀಪ ಮಿನುಗತೊಡಗಿತು. ಮಾವ ಕೈ ಒರೆಸಿಕೊಳ್ಳುವ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು, ಮತ್ತೆ ಮಡಿಸಿದರು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನನಗೆ ಎಲ್ಲವೂ ಕರಾರುವಾಕ್ಕಾಗಿರಬೇಕು. ಚಿಪ್ಪು ತನ್ನೊಳಗಿನ ಗಡಿಯಾರದ ಬದಲು ಹೊರಗಿನಿಂದ ಕೊಡುವ ತಾಳಕ್ಕೆ ನಡೆದರೆ ಲೆಕ್ಕ ಇನ್ನೂ ನಿಖರ ಎಂದು ಓದಿದ್ದೆ. ಒಂದು ಸೆಟ್ಟಿಂಗ್ ಬದಲಿಸಿದೆ. ಹೊರಗಿನ ತಾಳ ಕೊಡುವ ಕ್ರಿಸ್ಟಲ್ ಮಾತ್ರ ಜೋಡಿಸಿರಲಿಲ್ಲ. ದೀಪ ನಿಂತಿತು. ಆಮೇಲೆ ಏನು ಮಾಡಿದರೂ ಚಿಪ್ಪು ಉತ್ತರ ಕೊಡಲಿಲ್ಲ.

ಮಾವ ಬಗ್ಗಿ ನೋಡಿದರು. "ನಂದೇ ಏನಾರ ತಪ್ಪಾಯ್ತಾ ಮಗ?"

ಒಂದು ನಿಮಿಷದ ಹಿಂದೆ ನಾನೇ ಏನೋ ಬದಲಿಸಿದ್ದೇನೆ ಎಂಬುದು ಗೊತ್ತಿತ್ತು. ಪರದೆಯ ಮೇಲೆ ಆ ಸಾಲು ಇನ್ನೂ ಕಾಣುತ್ತಿತ್ತು — ಓದಿದವಳು ನಾನು, ರೈತರ ನಾಲ್ಕು ಕಣ್ಣುಗಳು ನನ್ನನ್ನೇ ನೋಡುತ್ತಿದ್ದವು —

"ವಾರ್ನಿಶ್ ಹಾಕಬಾರದಿತ್ತು ಮಾವ," ಅಂದೆ.

ರೈತರಲ್ಲೊಬ್ಬರು ನಕ್ಕರು. "ಏನ್ ಜವರಣ್ಣ, ಮೋಟಾರ್ಗೆ ಬಳ್ದಂಗೆ ಕಂಪ್ಯೂಟರ್ಗೂ ಬಳ್ದ್‌ಬುಟ್ಯಾ?"

ಮಾವನೂ ನಕ್ಕರು. "ಬುಡು ಮಗ, ಬಿಸಾಕು. ನಂಗೆ ಗೊತ್ತಿರಾದು ಮೋಟಾರು ಒಂದೇ ಕಣವ್ವ."

ಆಮೇಲೆ ಮೈಸೂರಿನಲ್ಲಿ ಕೊಂಡುತಂದ ಪ್ರೋಗ್ರಾಮರಿಗೂ ಆ ಚಿಪ್ಪು ಉತ್ತರ ಕೊಡಲಿಲ್ಲ. ಲ್ಯಾಬಿನಲ್ಲಿ ಕೇಳಿದೆ, ನಾನು ಬದಲಿಸಿದ ಸೆಟ್ಟಿಂಗೇ ಕಾರಣ ಎಂದು ಎರಡು ಮಾತಿನಲ್ಲಿ ಹೇಳಿದರು. ಅಂದರೆ ಒಂದೇ ವಾರದಲ್ಲಿ ನನಗೆ ಎಲ್ಲವೂ ತಿಳಿದಿತ್ತು. ಬೇರೆ ಚಿಪ್ಪು ಹಾಕಿ ಯಂತ್ರ ಮುಗಿಸಿದೆ. ಪ್ರಾಜೆಕ್ಟು ತೋರಿಸುವ ದಿನ ಮಾವ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದಿದ್ದರು. ಮೇಜಿನ ಮೇಲಿದ್ದ, ಕೊಂಡುತಂದ ಪ್ರೋಗ್ರಾಮರನ್ನು ಅಮ್ಮನಿಗೆ ತೋರಿಸಿ, ನೋಡಕ್ಕ, ಇದು ಸರಿಯಾದ್ದು ಅಂದರು. ಆ ದಿನವಾದರೂ — ಹೇಳಲಿಲ್ಲ.

ಆಮೇಲೆ ಗಮನಿಸಿದೆ. ಒಳಗೆ ಸಣ್ಣ ಬೋರ್ಡು ಇರುವ ಹೊಸ ಬಗೆಯ ಸ್ಟಾರ್ಟರುಗಳು ಬಂದರೆ ಮಾವ ಮುಚ್ಚಳವನ್ನೂ ತೆಗೆಯುವುದಿಲ್ಲ. ಮೈಸೂರಿಗೆ ತಗೊಂಡೋಗಿ ಎಂದು ಕಳಿಸಿಬಿಡುತ್ತಾರೆ. ಅಂಥ ಕೈಗಳು. ಅವುಗಳನ್ನು ಕಟ್ಟಿಹಾಕಿದ್ದು ನನ್ನ ಒಂದೇ ಮಾತು.

ಸೋಪಿನ ಡಬ್ಬಿಯನ್ನು ನಾನು ಬಿಸಾಡಲಿಲ್ಲ. ಈಗ ಒಂದು ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುತ್ತೇನೆ. ಲ್ಯಾಬಿನಲ್ಲಿ ದಿನವೂ ಬಳಸುವುದು ಅದನ್ನೇ. ಮಳೆಗಾಲದಲ್ಲಿ ನಮ್ಮ ಲ್ಯಾಬಿನ ಗೋಡೆ ಬೆವರುತ್ತದೆ. ಕೊಂಡ ಪ್ರೋಗ್ರಾಮರುಗಳ ಬೆಸುಗೆಗೆ ಹಸಿರು ಕಿಲುಬು ಹತ್ತಿ ಎರಡು ಸತ್ತವು. ಮಾವನದಕ್ಕೆ ಏನೂ ಆಗಿಲ್ಲ — ಮೇಲೆ ವಾರ್ನಿಶ್ ಇದೆ. ನಾನು ದೂರಿದ ಅದೇ ವಾರ್ನಿಶ್. ಪ್ರತಿ ಸಲ ಡಬ್ಬಿ ತೆರೆದಾಗ ಆ ಒಂದೇ ಅಳತೆಯ ಬೆಸುಗೆಗಳನ್ನು, ಆ ದಾರದ ಗಂಟನ್ನು ನೋಡಿ ನನ್ನ ಎದೆ ಉಬ್ಬುತ್ತದೆ. ಹೋದ ತಿಂಗಳು ಒಬ್ಬ ವಿದ್ಯಾರ್ಥಿನಿ, ಮೇಡಂ, ಇದು ಎಲ್ಲಿ ಸಿಗುತ್ತೆ ಎಂದು ಕೇಳಿದಳು. ಎಲ್ಲೂ ಸಿಗಲ್ಲ ಅಂದೆ. ನಿಜವೇ. ಆದರೆ ಅಲ್ಲಿಯೂ ಮಾವನ ಹೆಸರು ಹೇಳಲಿಲ್ಲ. ಹೇಳಿದ್ದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಆ ದಿನದ ಚಿಪ್ಪು ಬೆಂಕಿಪೊಟ್ಟಣದಲ್ಲಿ ಇನ್ನೂ ಇದೆ. ಅದು ಸತ್ತಿಲ್ಲ, ಹೊರಗಿನ ತಾಳಕ್ಕೆ ಕಾಯುತ್ತಿದೆ, ಅಷ್ಟೇ. ಕ್ರಿಸ್ಟಲ್ ಜೋಡಿಸಿದರೆ ಏಳುತ್ತದೆ. ಮನೆಯಲ್ಲೇ ಎಬ್ಬಿಸಬಹುದು. ಎಬ್ಬಿಸಿಲ್ಲ.

ಸೋಮವಾರ ರಜೆ ಹಾಕಿದ್ದೇನೆ. ಅಂಗಡಿಯಲ್ಲಿ ಗಿರಾಕಿಗಳಿರುವ ಹೊತ್ತು ನೋಡಿಕೊಂಡೇ ಹ್ಯಾಂಡ್‌ಪೋಸ್ಟಿಗೆ ಹೋಗುತ್ತೇನೆ — ತಪ್ಪು ಹೊರಿಸಿದ್ದು ನಾಲ್ಕು ಜನರೆದುರು ತಾನೆ. ಸೋಪಿನ ಡಬ್ಬಿ, ಚಿಪ್ಪು, ಕ್ರಿಸ್ಟಲ್ ಮೂರನ್ನೂ ಅವರ ಮೇಜಿನ ಮೇಲೆ ಇಡುತ್ತೇನೆ. ದೀಪ ಮಿನುಗಿದ ಮೇಲೆ ಹೇಳಿದರೆ ಆ ಸಂತೋಷದಲ್ಲಿ ನನ್ನ ತಪ್ಪು ಹಗುರವಾಗಿಬಿಡುತ್ತದೆ. ಅದಕ್ಕೇ, ವೈರು ಚುಚ್ಚುವ ಮೊದಲೇ ಹೇಳುತ್ತೇನೆ.